ಮೊಮ್ಮಗಳ ಎರಡು ಕಾಲಂ, ಅಪ್ಪನ ಕಿವಿ

ಸಂಪಾದಕರಿಗೆ ನಮಸ್ಕಾರಗಳು.

ನಾನು 1988ರಿಂದ 2022ರವರೆಗೆ ಹಾವೇರಿ, ಗದಗ ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ ಲ್ಯಾಬ್ ಟೆಕ್ನಿಷಿಯನ್ ಆಗಿದ್ದವಳು. ಕಫ, ರಕ್ತ, ಮೂತ್ರ, ಕೀವು ಎಲ್ಲವನ್ನೂ ಗಾಜಿನ ಸ್ಲೈಡಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು 34 ವರ್ಷ ನನ್ನ ಕೆಲಸವಾಗಿತ್ತು. ಪತ್ರಿಕೆಗೆ ಇದುವರೆಗೆ ಬರೆದವಳಲ್ಲ. ಈಗ ಬರೆಯುತ್ತಿರುವುದು ಒಂಬತ್ತನೇ ತರಗತಿಯ ಎರಡು ಅಂಕದ ಒಂದು ಪ್ರಶ್ನೆಯ ಬಗ್ಗೆ. ಪತ್ರ ಉದ್ದವಾಗಿದೆ. ಮೊಟಕು ಮಾಡದೆ ಹಾಕಬೇಕೆಂದು ವಿನಂತಿ.

ನನ್ನ ಮೊಮ್ಮಗಳು ಕನ್ನಡ ಮಾಧ್ಯಮದಲ್ಲಿ ಒಂಬತ್ತನೇ ತರಗತಿ ಓದುತ್ತಿದ್ದಾಳೆ. ಕಿರುಪರೀಕ್ಷೆಯಲ್ಲಿ 'ಪ್ರೋಕ್ಯಾರಿಯೋಟಿಕ್ ಮತ್ತು ಯೂಕ್ಯಾರಿಯೋಟಿಕ್ ಜೀವಕೋಶಗಳ ವ್ಯತ್ಯಾಸ ಬರೆಯಿರಿ' ಎಂದು ಕೇಳಿದ್ದರು. ಹಾಳೆಯ ನಡುವೆ ಸ್ಕೇಲಿಟ್ಟು ಗೆರೆ ಎಳೆದು, ಎಡಕ್ಕೆ ನಾಲ್ಕು ಸಾಲು, ಬಲಕ್ಕೆ ನಾಲ್ಕು ಸಾಲು ಬರೆದಿದ್ದಾಳೆ. ಎಡಗಡೆ ಬ್ಯಾಕ್ಟೀರಿಯಾದಂಥ ಪ್ರೋಕ್ಯಾರಿಯೋಟ್, ಬಲಗಡೆ ನಮ್ಮಂಥ, ಗಿಡಗಳಂಥ ಯೂಕ್ಯಾರಿಯೋಟ್. ಎಡಗಡೆಯದು ಚಿಕ್ಕದು, ಬಲಗಡೆಯದು ದೊಡ್ಡದು. ಎಡಗಡೆಯದಕ್ಕೆ ಪೊರೆಯಿರುವ ಕೋಶಕೇಂದ್ರ (ನ್ಯೂಕ್ಲಿಯಸ್) ಇಲ್ಲ, ಬಲಗಡೆಯದಕ್ಕೆ ಇದೆ. ಎಡಗಡೆ ಒಂದೇ ವರ್ಣತಂತು, ಬಲಗಡೆ ಹಲವು. ಎಡಗಡೆ ಪೊರೆಯುಳ್ಳ ಕಣದಂಗಗಳು, ಅಂದರೆ ಕೋಶದೊಳಗಿನ ಪುಟ್ಟ ಅಂಗಗಳು, ಇಲ್ಲ, ಬಲಗಡೆ ಇವೆ. ಎರಡಕ್ಕೆ ಎರಡು ಅಂಕ ಬಂದಿದೆ.

ಅವತ್ತು ಸಂಜೆ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಪಕ್ಕದಲ್ಲಿ ಬಂದು ಕೂತಳು. "ಅಜ್ಜಿ, ಕೆಂಪು ರಕ್ತಕಣದಾಗ ನ್ಯೂಕ್ಲಿಯಸ್ ಇಲ್ಲಂತ. ಹಂಗಾದ್ರ ಅದು ಪ್ರೋಕ್ಯಾರಿಯೋಟ್ ಏನು?" ತರಗತಿಯಲ್ಲೂ ಇದನ್ನೇ ಕೇಳಿದ್ದಳಂತೆ. ಪುಸ್ತಕದಲ್ಲಿ ಇದ್ದಷ್ಟು ಓದು ಎಂಬ ಉತ್ತರ ಬಂದಿದೆ. ಆ ಮೇಷ್ಟ್ರನ್ನು ನಾನು ದೂರುವುದಿಲ್ಲ. ಅವರಿಗೆ ಮೂರು ತರಗತಿ, ಎರಡು ವಿಷಯ, ಮೇಲೆ ಬಿಸಿಯೂಟದ ಲೆಕ್ಕ. ಆದರೆ ಅಂಥ ಪ್ರಶ್ನೆಯನ್ನು ಹಾಗೆ ಬಿಟ್ಟುಬಿಡಲು ನನ್ನ ಮನಸ್ಸು ಒಪ್ಪಲಿಲ್ಲ.

ಅಲ್ಲ, ಅದು ಬಲಗಡೆಯದೇ ಎಂದೆ. ಅವಳಿಗೆ ನಾನು ಬಿಡಿಸಿ ಹೇಳಿದ್ದು ಇಷ್ಟು. ಕೆಂಪು ರಕ್ತಕಣ ಹುಟ್ಟುವುದು ನಮ್ಮ ಎಲುಬಿನ ಮಜ್ಜೆಯಲ್ಲಿ, ಹುಟ್ಟುವಾಗ ಅದಕ್ಕೂ ಕೋಶಕೇಂದ್ರ ಇರುತ್ತದೆ. ಬಲಿಯುತ್ತ ಬಂದಂತೆ ಅದನ್ನು ತಾನೇ ಹೊರಗೆ ದಬ್ಬುತ್ತದೆ. ಶಕ್ತಿ ಒದಗಿಸುವ ಮೈಟೊಕಾಂಡ್ರಿಯಾ, ಪ್ರೋಟೀನ್ ತಯಾರಿಸುವ ರೈಬೋಸೋಮ್ ಎಲ್ಲವನ್ನೂ ಕಳೆದುಕೊಳ್ಳುತ್ತದೆ. ಆಮ್ಲಜನಕ ಹೊರುವ ಹಿಮೋಗ್ಲೋಬಿನ್ ತುಂಬಿಕೊಳ್ಳಲು ಜಾಗ ಬೇಕಲ್ಲ! ಒಂದೊಂದು ಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳಿರುತ್ತವೆ. ಹಾಗೆ ಎಲ್ಲ ಬಿಟ್ಟುಕೊಟ್ಟ ಮೇಲೆ ಅದು ಹೊಸದಾಗಿ ಏನನ್ನೂ ತಯಾರಿಸಲಾರದು, ತನ್ನ ಹರಿದ ಪೊರೆಯನ್ನು ರಿಪೇರಿ ಮಾಡಿಕೊಳ್ಳಲಾರದು, ಎರಡಾಗಿ ಒಡೆಯಲಾರದು. ಸುಮಾರು 120 ದಿನ ಓಡಾಡಿ ಮುಗಿಯುತ್ತದೆ. ಮಜ್ಜೆಯಿಂದ ಆಗಷ್ಟೇ ಹೊರಬಿದ್ದ ಎಳೆಯ ಕಣದಲ್ಲಿ ಇನ್ನೂ ಸ್ವಲ್ಪ ಡಿಎನ್‌ಎಯ ನಕಲು, ಅಂದರೆ ಆರ್‌ಎನ್‌ಎ ಉಳಿದಿರುತ್ತದೆ, ನೀಲಿ ಬಣ್ಣ ಹಾಕಿದರೆ ಒಳಗೆ ದಾರದ ತುಣುಕುಗಳ ಹಾಗೆ ಕಾಣುತ್ತದೆ. ರಕ್ತಹೀನತೆಯ ರೋಗಿಗಳಲ್ಲಿ ಮಜ್ಜೆ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲು ನಾವು ಎಣಿಸುತ್ತಿದ್ದುದು ಈ ಎಳೆಯ ಕಣಗಳನ್ನೇ.

ಮರುದಿನ ಬೀದಿ ಕೊನೆಯ ಕೋಳಿ ಅಂಗಡಿಯಿಂದ ಒಂದು ಹನಿ ರಕ್ತ ತರಿಸಿ ಸ್ಲೈಡ್ ಮಾಡಿ ತೋರಿಸಿದೆ. ಕೋಳಿಯ ಕೆಂಪು ಕಣ ಮೊಟ್ಟೆಯಾಕಾರದ್ದು, ಒಂದೊಂದರ ನಡುವೆಯೂ ನೇರಳೆ ಬಣ್ಣದ ಕೋಶಕೇಂದ್ರ. ಪಕ್ಕದಲ್ಲಿ ನನ್ನ ಬೆರಳಿನ ರಕ್ತದ ಸ್ಲೈಡ್: ಗುಂಡಗೆ, ನಡುವೆ ತಗ್ಗು, ಒಳಗೆ ಏನೂ ಇಲ್ಲ. ಆ ಹುಡುಗಿ ಎರಡನ್ನೂ ಬದಲಾಯಿಸಿ ಬದಲಾಯಿಸಿ ಅರ್ಧ ಗಂಟೆ ನೋಡಿದಳು.

ಹಾಗಾದರೆ ಬ್ಯಾಕ್ಟೀರಿಯಾದಲ್ಲಿ ಕೋಶಕೇಂದ್ರ ಇಲ್ಲ ಎಂದರೇನು? ಪುಸ್ತಕದ ಎಡಗಡೆಯ ಕಾಲಮ್ಮಿನಲ್ಲಿ ಇಲ್ಲ, ಇಲ್ಲ, ಇಲ್ಲ ಎಂದು ಓದಿ ಓದಿ ಮಕ್ಕಳಿಗೆ ಬ್ಯಾಕ್ಟೀರಿಯಾ ಎಂದರೆ ಬಡಪಾಯಿ ಎನಿಸುತ್ತದೆ. ನನ್ನ ಮೊಮ್ಮಗಳಿಗೂ ಹಾಗೇ ಅನಿಸಿತ್ತು. ಅವಳಿಗೆ ನಾನು ಎರಡು ಅಡುಗೆಮನೆ ಕಣ್ಣ ಮುಂದೆ ತಂದುಕೋ ಎಂದೆ. ಮದುವೆ ಮನೆಯಲ್ಲಿ ಉಗ್ರಾಣ ಬೇರೆ, ಅಡುಗೆ ಕೋಣೆ ಬೇರೆ, ಪಂಕ್ತಿ ಬೇರೆ. ಉಗ್ರಾಣದ ಕೀಲಿ ಒಬ್ಬರ ಸೊಂಟದಲ್ಲಿರುತ್ತದೆ, ಅಲ್ಲಿಂದ ಚೀಟಿ ಬರೆದು ಕಳಿಸಿದ ಮೇಲೆ ಅಡುಗೆಯವರು ಒಲೆಗೆ ಇಡುತ್ತಾರೆ. ನಮ್ಮ ಜೀವಕೋಶ ಹೀಗೆ. ಡಿಎನ್‌ಎ ಕೋಶಕೇಂದ್ರದೊಳಗೆ ಇರುತ್ತದೆ. ಬೇಕಾದ ಭಾಗದ ನಕಲು ಅಲ್ಲೇ ತಯಾರಾಗಿ, ಬೇಡದ ತುಂಡುಗಳನ್ನು ಕತ್ತರಿಸಿಕೊಂಡು, ಪೊರೆಯ ರಂಧ್ರದ ಮೂಲಕ ಹೊರಗೆ ಬಂದು, ಆಮೇಲೆ ರೈಬೋಸೋಮ್ ಕೈಗೆ ಸಿಕ್ಕಿ ಪ್ರೋಟೀನ್ ಆಗುತ್ತದೆ. ಬ್ಯಾಕ್ಟೀರಿಯಾದ್ದು ನಮ್ಮ ಹೊಲದ ಮನೆಯ ಒಲೆ. ಅವ್ವ ರೊಟ್ಟಿ ಬಡಿಯುತ್ತಿರುತ್ತಾಳೆ, ಹಂಚಿನಿಂದ ಇಳಿಯುವುದಕ್ಕೂ ಬಿಡದೆ ಮಕ್ಕಳು ಮುರಿದುಕೊಂಡು ತಿನ್ನುತ್ತಿರುತ್ತವೆ. ಅಲ್ಲಿ ನಡುಗೋಡೆಯೇ ಇಲ್ಲ. ನಕಲು ಪೂರ್ತಿ ಆಗುವ ಮೊದಲೇ ರೈಬೋಸೋಮ್‌ಗಳು ಅದರ ತುದಿ ಹಿಡಿದು ಪ್ರೋಟೀನ್ ಮಾಡಲು ಶುರು ಹಚ್ಚುತ್ತವೆ. ನಮ್ಮ ಕರುಳಿನ ಇ. ಕೊಲಿ ಬ್ಯಾಕ್ಟೀರಿಯಾ ಅನುಕೂಲ ಸಿಕ್ಕರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುವುದಕ್ಕೆ ಈ ಏರ್ಪಾಡೂ ಒಂದು ಕಾರಣ. ಅದರ ಡಿಎನ್‌ಎ 46 ಲಕ್ಷ ಅಕ್ಷರಗಳ ಒಂದು ಉಂಗುರ. ನಮ್ಮದು 300 ಕೋಟಿಗೂ ಮಿಕ್ಕಿ. ಒಂದು ಕೋಶದ ಡಿಎನ್‌ಎಯನ್ನು ಎಳೆದು ನಿಲ್ಲಿಸಿದರೆ ಹತ್ತಿರ ಹತ್ತಿರ 2 ಮೀಟರ್ ಆಗುತ್ತದೆ. ಅಷ್ಟನ್ನು ಸುತ್ತಿ, ಕಾಪಾಡಿ, ಬೇಕಾದಾಗ ಬೇಕಾದ ಪುಟ ಮಾತ್ರ ತೆರೆಯಲು ಬೇರೆ ಕೋಣೆ ಬೇಕು.

ಹೆಸರಿನ ಅರ್ಥವನ್ನಾದರೂ ಯಾರೂ ಹೇಳಿಕೊಟ್ಟಿರಲಿಲ್ಲ. ಗ್ರೀಕ್ ಮಾತಿನಲ್ಲಿ ಕ್ಯಾರಿಯೋನ್ ಎಂದರೆ ಬೀಜದ ತಿರುಳು. ಪ್ರೊ ಎಂದರೆ ಮೊದಲಿನ, ಯೂ ಎಂದರೆ ಚೆನ್ನಾದ, ನಿಜವಾದ. ತಿರುಳಿಗೂ ಮುಂಚಿನದು, ತಿರುಳು ಕಟ್ಟಿದ್ದು. ಶೇಂಗಾ ಬಿಡಿಸುವ ಊರಿನ ಮಗುವಿಗೆ ಇದನ್ನು ಒಮ್ಮೆ ಹೇಳಿದರೆ ಎರಡನೇ ಸಲ ಬಾಯಿಪಾಠ ಮಾಡಬೇಕಾಗುವುದಿಲ್ಲ.

ನನ್ನ ಮುಖ್ಯ ಮಾತು ಬೇರೆ ಇದೆ. ಈ ಎರಡು ಕಾಲಮ್ಮಿನ ನಡುವೆ ಮಕ್ಕಳು ಎಳೆಯುವ ಗೆರೆ ಇದೆಯಲ್ಲ, ನಮ್ಮ ಆಸ್ಪತ್ರೆಯ ಅರ್ಧ ಔಷಧಿ ಕಪಾಟು ಅದರ ಮೇಲೆ ನಿಂತಿದೆ. ಅದನ್ನು ಯಾವ ಪಾಠದಲ್ಲೂ ಮಕ್ಕಳಿಗೆ ಹೀಗೆ ಹೇಳಿದ್ದನ್ನು ನಾನು ಕಂಡಿಲ್ಲ.

ಕೀವಿನ ಒಂದು ಸ್ಲೈಡ್ ತೆಗೆದುಕೊಳ್ಳಿ. 1884ರಲ್ಲಿ ಡೆನ್ಮಾರ್ಕಿನ ವೈದ್ಯ ಹ್ಯಾನ್ಸ್ ಕ್ರಿಶ್ಚಿಯನ್ ಗ್ರಾಮ್ ಕಂಡುಹಿಡಿದ ವಿಧಾನ ಇವತ್ತಿಗೂ ಪ್ರತಿ ಲ್ಯಾಬಿನಲ್ಲಿ ಇದೆ. ಮೊದಲು ನೇರಳೆ ಬಣ್ಣ, ಆಮೇಲೆ ಅಯೋಡಿನ್, ಆಮೇಲೆ ಸ್ಪಿರಿಟ್‌ನಿಂದ ತೊಳೆಯುವುದು, ಕೊನೆಗೆ ಕೆಂಪು ಸಾಫ್ರನಿನ್. ದಪ್ಪ ಗೋಡೆಯ ಬ್ಯಾಕ್ಟೀರಿಯಾ ನೇರಳೆ ಬಣ್ಣ ಬಿಟ್ಟುಕೊಡುವುದಿಲ್ಲ. ತೆಳು ಗೋಡೆಯದು ಬಿಟ್ಟುಕೊಟ್ಟು ಕೆಂಪಾಗುತ್ತದೆ. ಎಣ್ಣೆ ಹಾಕಿ ನೋಡುವ ದೊಡ್ಡ ಲೆನ್ಸಿಗೆ ಬಂದರೆ ಒಂದೇ ನೋಟದಲ್ಲಿ ಎರಡೂ ಕಾಲಮ್ಮು ಕಾಣುತ್ತವೆ. ದೊಡ್ಡದಾಗಿ, ತಿಳಿ ಕೆಂಪಾಗಿ, ಮೂರ್ನಾಲ್ಕು ಉಂಡೆಗಳ ಹಾಗೆ ಕವಲೊಡೆದ ಕೋಶಕೇಂದ್ರವಿರುವ ನಮ್ಮ ಬಿಳಿ ರಕ್ತಕಣ. ಅದರ ಅಕ್ಕಪಕ್ಕ, ಕೆಲವು ಅದರ ಹೊಟ್ಟೆಯೊಳಗೇ, ದ್ರಾಕ್ಷಿ ಗೊಂಚಲಿನ ಹಾಗೆ ನೇರಳೆ ಚುಕ್ಕೆಗಳು. ಬಿಳಿ ಕಣ 12ರಿಂದ 15 ಮೈಕ್ರೋಮೀಟರ್, ಒಂದೊಂದು ಚುಕ್ಕೆ ಸುಮಾರು 1 ಮೈಕ್ರೋಮೀಟರ್. ನುಂಗಿದವರು ಯಾರು, ನುಂಗಿಸಿಕೊಂಡವರು ಯಾರು ಎಂದು ಹೇಳಿಕೊಡಬೇಕಾಗಿಯೇ ಇಲ್ಲ.

ಆ ಚುಕ್ಕೆಯ ಸುತ್ತ ಪೆಪ್ಟಿಡೋಗ್ಲೈಕಾನ್ ಎಂಬ ಹೆಣಿಗೆಯ ಗೋಡೆ ಇದೆ. ನಮ್ಮ ಕೋಶಕ್ಕೆ ಪೊರೆ ಇದೆ, ಗೋಡೆ ಇಲ್ಲ. ಗಿಡಗಳಿಗೆ ಗೋಡೆ ಇದೆ, ಆದರೆ ಅದು ಸೆಲ್ಯುಲೋಸಿನದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ ಪೆನಿಸಿಲಿನ್ ಈ ಹೆಣಿಗೆ ಪೂರ್ತಿಯಾಗದಂತೆ ತಡೆಯುತ್ತದೆ. ಬೆಳೆಯುತ್ತಿರುವ ಬ್ಯಾಕ್ಟೀರಿಯಾ ನೀರು ಹೊಕ್ಕು ಒಡೆಯುತ್ತದೆ. ನಮ್ಮ ಕೋಶದಲ್ಲಿ ಆ ಹೆಣಿಗೆಯೇ ಇಲ್ಲವಾದ್ದರಿಂದ ಔಷಧಿಗೆ ಅಲ್ಲಿ ಕೆಲಸವಿಲ್ಲ. ಮಗುವಿನ ಪುಟ್ಟ ತೊಡೆಗೂ ಪೆನಿಸಿಲಿನ್ ಚುಚ್ಚಬಹುದಾದದ್ದು ಈ ಒಂದು ಸಾಲಿನ ವ್ಯತ್ಯಾಸದಿಂದ. ಅಲರ್ಜಿ ಇರುವವರ ಮಾತು ಬೇರೆ.

ರೈಬೋಸೋಮ್ ಎರಡೂ ಕಡೆ ಇದೆ, ಆದರೆ ಒಂದೇ ಬಗೆಯದಲ್ಲ. ಬ್ಯಾಕ್ಟೀರಿಯಾದ್ದು 70ಎಸ್, ನಮ್ಮದು 80ಎಸ್. 70ಎಸ್ ಎಂಬುದು 30ಎಸ್ ಮತ್ತು 50ಎಸ್ ಎಂಬ ಎರಡು ತುಂಡು ಸೇರಿ ಆದದ್ದು ಎಂದಾಗ ಮೊಮ್ಮಗಳು ತಕ್ಷಣ ತಡೆದಳು, 80 ಆಗಬೇಕಲ್ಲವೇ ಎಂದು. ಈ ಎಸ್ ತೂಕದ ಅಳತೆಯಲ್ಲ. ಕೊಳವೆಯಲ್ಲಿಟ್ಟು ರಭಸವಾಗಿ ತಿರುಗಿಸಿದಾಗ ಕಣ ಎಷ್ಟು ಬೇಗ ತಳಕ್ಕಿಳಿಯುತ್ತದೆ ಎಂಬುದರ ಅಳತೆ. ಎರಡು ಕಣ ಅಂಟಿಕೊಂಡರೆ ಆಕಾರವೂ ಬದಲಾಗುತ್ತದೆ, ಆದ್ದರಿಂದ ಕೂಡಿದ ಲೆಕ್ಕ ಬರುವುದಿಲ್ಲ. ತಮಿಳುನಾಡಿನ ಚಿದಂಬರಂನಲ್ಲಿ ಹುಟ್ಟಿದ ವೆಂಕಟರಾಮನ್ ರಾಮಕೃಷ್ಣನ್ ಈ 30ಎಸ್ ತುಂಡಿನ ರಚನೆಯನ್ನು ಅಣು ಅಣುವಾಗಿ ಬಿಡಿಸಿ ತೋರಿಸಿದವರು, 2009ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. ಟೆಟ್ರಾಸೈಕ್ಲಿನ್, ಸ್ಟ್ರೆಪ್ಟೊಮೈಸಿನ್ ಎಂಬ ಆಂಟಿಬಯೋಟಿಕ್ ಔಷಧಿಗಳು ಆ 30ಎಸ್ ತುಂಡಿಗೆ ಹೋಗಿ ಅಂಟಿಕೊಳ್ಳುತ್ತವೆ, ಅಜಿತ್ರೊಮೈಸಿನ್ 50ಎಸ್ ತುಂಡಿಗೆ. ನೆಗಡಿಯ ವೈರಸ್ಸಿಗೆ ಗೋಡೆಯೂ ಇಲ್ಲ, ಸ್ವಂತ ರೈಬೋಸೋಮೂ ಇಲ್ಲ. ಅದು ನಮ್ಮ ಕೋಶದೊಳಗೆ ಹೊಕ್ಕು ನಮ್ಮ ರೈಬೋಸೋಮ್‌ನಿಂದಲೇ ಕೆಲಸ ಮಾಡಿಸಿಕೊಳ್ಳುತ್ತದೆ. ಮೂಗು ಸೋರಿದ ಕೂಡಲೇ ಮೆಡಿಕಲ್ ಶಾಪಿಗೆ ಹೋಗಿ 'ಆ ಮೂರು ಗುಳಿಗಿ ಕೊಡ್ರಿ' ಎನ್ನುವ ನಮ್ಮ ಓಣಿಯವರಿಗೆ ಎಷ್ಟು ಸಲ ಹೇಳಿದ್ದೇನೋ. ಆ ಮಾತ್ರೆ ವೈರಸ್ಸಿನಲ್ಲಿ ಹಿಡಿಯಲು ಏನೂ ಸಿಗದೆ, ಕರುಳಿನಲ್ಲಿ ತಮ್ಮ ಪಾಡಿಗೆ ಇದ್ದ ಬ್ಯಾಕ್ಟೀರಿಯಾಗಳ ಮೇಲೆ ಬೀಳುತ್ತದೆ. ಅಲ್ಲಿ ಸಾಯದೆ ಉಳಿದವು ಮುಂದಿನ ಸಲ ಆ ಮಾತ್ರೆಗೆ ಬಗ್ಗುವುದಿಲ್ಲ.

ಮಲೇರಿಯಾ ತರುವ ಪ್ಲಾಸ್ಮೋಡಿಯಂ ಮಾತ್ರ ನಮ್ಮದೇ ಕಾಲಮ್ಮಿನದು. ಅದಕ್ಕೆ ಕೋಶಕೇಂದ್ರ ಇದೆ. ತೊಂಬತ್ತರ ದಶಕದಲ್ಲಿ ಜ್ವರದ ರಕ್ತಲೇಪನಗಳು ಕಟ್ಟುಗಟ್ಟಲೆ ಬರುತ್ತಿದ್ದವು. ಅವನ್ನು ನೋಡುವಾಗ ನಾವು ಹುಡುಕುತ್ತಿದ್ದುದು ಹರಳಿನ ಉಂಗುರದಂಥ ಒಂದು ಆಕಾರವನ್ನು, ಕೆಂಪು ಕಣದೊಳಗೆ ನೀಲಿ ಬಳೆ, ಅದರ ಮೇಲೊಂದು ಕೆಂಪು ಚುಕ್ಕೆ. ಆ ಚುಕ್ಕೆಯೇ ಪರಾವಲಂಬಿಯ ಕೋಶಕೇಂದ್ರ. ತನ್ನದನ್ನು ಹೊರಹಾಕಿದ ನಮ್ಮ ಕೆಂಪು ಕಣದೊಳಗೆ ಇನ್ನೊಬ್ಬನ ಕೋಶಕೇಂದ್ರ ಕೂತಿರುತ್ತದೆ. ಮೊಮ್ಮಗಳು ಕೇಳಿದ ಪ್ರಶ್ನೆಯಿಂದ ಹೊರಟರೆ ನೇರವಾಗಿ ಬಂದು ಮುಟ್ಟುವ ಜಾಗ ಇದು. ನಮ್ಮ ಕೆಂಪು ಕಣ ಖಾಲಿಯಾಗಿರುವುದರಿಂದಲೇ ಆ ಚುಕ್ಕೆ ಅಷ್ಟು ಸ್ಪಷ್ಟವಾಗಿ ಕಾಣುತ್ತದೆ.

ಪ್ಲಾಸ್ಮೋಡಿಯಂ ಮೇಲೆ ಪೆನಿಸಿಲಿನ್ ನಡೆಯುವುದಿಲ್ಲ, ಅದಕ್ಕೂ ಆ ಗೋಡೆ ಇಲ್ಲ. ಶಿಲೀಂಧ್ರಗಳೂ ನಮ್ಮ ಕಾಲಮ್ಮಿನವೇ, ಅದಕ್ಕೇ ಅವುಗಳಿಗೆ ಮದ್ದು ಮಾಡುವುದು ಕಷ್ಟ. 2021ರಲ್ಲಿ ಕೊರೊನಾ ಬಂದು ಹೋದವರಿಗೆ ಕಪ್ಪು ಶಿಲೀಂಧ್ರ ಬಂದಾಗ ದೇಶವೆಲ್ಲ ಆಂಫೊಟೆರಿಸಿನ್‌ಗಾಗಿ ಪರದಾಡಿದ್ದು ಓದುಗರಿಗೆ ನೆನಪಿರಬಹುದು. ಆ ಔಷಧಿ ಶಿಲೀಂಧ್ರದ ಪೊರೆಯಲ್ಲಿರುವ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನು ಹಿಡಿಯುತ್ತದೆ. ನಮ್ಮ ಪೊರೆಯಲ್ಲಿರುವ ಕೊಲೆಸ್ಟೆರಾಲ್ ಅದಕ್ಕೆ ದಾಯಾದಿಯಷ್ಟು ಹತ್ತಿರ. ಹಾಗಾಗಿ ರೋಗಿಯ ಮೂತ್ರಪಿಂಡಕ್ಕೂ ಪೆಟ್ಟು ಬೀಳುತ್ತದೆ. ಆ ಎರಡು ತಿಂಗಳು ದಿನ ಬಿಟ್ಟು ದಿನ ಮೂತ್ರಪಿಂಡದ ಸ್ಥಿತಿ ಹೇಳುವ ಕ್ರಿಯಾಟಿನಿನ್ ನೋಡಿ ಬರೆದುಕೊಟ್ಟವಳು ನಾನು. ಶತ್ರು ಎದುರು ಕಾಲಮ್ಮಿನಲ್ಲಿದ್ದರೆ ಗುರಿ ಸುಲಭ. ನಮ್ಮ ಸಾಲಿನಲ್ಲೇ ನಿಂತಿದ್ದರೆ ಏನಾಗುತ್ತದೆ ಎಂಬುದನ್ನು ಆ ಸಂಖ್ಯೆಗಳಲ್ಲಿ ಕಂಡಿದ್ದೇನೆ.

ಈಗ ನನ್ನ ಅಪ್ಪನ ವಿಷಯ ಹೇಳಬೇಕು. ಈ ಪತ್ರ ಬರೆಯಲು ಅದೇ ನಿಜವಾದ ಕಾರಣ.

1979ರಲ್ಲಿ ಅಪ್ಪನಿಗೆ ಕ್ಷಯ ಆಯಿತು. ನಾನಾಗ ಪಿಯುಸಿ ಓದುತ್ತಿದ್ದೆ. ಕೆಮ್ಮಿ ಕೆಮ್ಮಿ ರಕ್ತ ಬಿದ್ದ ಮೇಲೆ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮಾತ್ರೆಯ ಜೊತೆ ದಿನಾ ಒಂದು ಸ್ಟ್ರೆಪ್ಟೊಮೈಸಿನ್ ಸೂಜಿ. ಎದುರುಮನೆಯಲ್ಲೇ ಇದ್ದ ಕಂಪೌಂಡರ್ ಮಾಮಾ ಮನೆಗೆ ಬಂದು ಹಾಕಿ ಹೋಗುತ್ತಿದ್ದರು, ದುಡ್ಡು ಮುಟ್ಟುತ್ತಿರಲಿಲ್ಲ. ಎರಡು ತಿಂಗಳಾಗುವಾಗ ಕಫದಲ್ಲಿ ರೋಗಾಣು ಕಾಣದಾಯಿತು, ಅಪ್ಪನ ಮೈ ತುಂಬತೊಡಗಿತು. ಆದರೆ "ಕಿವ್ಯಾಗ ಜೀರುಂಡಿ ಕೂಗಿದಂಗ ಆಗತೈತಿ" ಎನ್ನತೊಡಗಿದರು. ಹೊಲದ ಬದುವಿನ ಮೇಲೆ ಕಣ್ಣು ಮುಚ್ಚಿ ನಡೆಯಬಲ್ಲವರು ಬದುವಿನಿಂದ ಜಾರಿ ಬಿದ್ದರು. ಕತ್ತಲಾದರೆ ಗೋಡೆ ಹಿಡಿದುಕೊಂಡೇ ನಡೆಯಬೇಕು. ಆಮೇಲೆ ಕೇಳಿಸುವುದೂ ಕಡಿಮೆಯಾಗುತ್ತ ಹೋಯಿತು. ಸೂಜಿ ನಿಲ್ಲಿಸಿದರು, ಕಿವಿ ಮರಳಿ ಬರಲಿಲ್ಲ. ಅಪ್ಪ ಆಮೇಲೂ 24 ವರ್ಷ ಬದುಕಿದರು, ಎತ್ತಿನ ಕೊರಳ ಗೆಜ್ಜೆಯ ಸದ್ದು ಮಾತ್ರ ಮತ್ತೆ ಕೇಳಲಿಲ್ಲ. ನಮ್ಮ ಅವ್ವನ ಮನಸ್ಸಿನಲ್ಲಿ ಒಂದೇ ಮಾತು ಕೂತುಬಿಟ್ಟಿತ್ತು: ಕಂಪೌಂಡರ್ ಸೂಜಿಯನ್ನು ನರಕ್ಕೆ ಚುಚ್ಚಿದ. ಎದುರುಮನೆಯ ಆ ಮನುಷ್ಯನ ಜೊತೆ ಅವಳು ವರ್ಷಾನುಗಟ್ಟಲೆ ಮಾತು ಬಿಟ್ಟಳು.

ನಾನು ಕೆಲಸಕ್ಕೆ ಸೇರಿದ ಮೇಲೆ ಒಂದು ತರಬೇತಿಯಲ್ಲಿ ನಿಜ ಕಾರಣ ತಿಳಿಯಿತು. ಬಲಗಡೆಯ ಕಾಲಮ್ಮಿನಲ್ಲಿ ಮಕ್ಕಳು 'ಮೈಟೊಕಾಂಡ್ರಿಯಾ ಇದೆ' ಎಂದು ಬರೆಯುತ್ತಾರಲ್ಲ, ಅದು ಕೋಶಕ್ಕೆ ಶಕ್ತಿ ಒದಗಿಸುವ ಕಣದಂಗ. ಅದರ ಹುಟ್ಟು ಎಡಗಡೆಯ ಕಾಲಮ್ಮಿನದು! ಕೋಟ್ಯಂತರ ವರ್ಷಗಳ ಹಿಂದೆ ಒಂದು ಕೋಶದೊಳಗೆ ಸೇರಿಕೊಂಡ ಬ್ಯಾಕ್ಟೀರಿಯಾ ಅಲ್ಲೇ ಉಳಿದು, ಮನೆಯವನಾಗಿ, ಈಗ ನಮ್ಮ ಭಾಗವಾಗಿದೆ. 1967ರಲ್ಲಿ ಅಮೆರಿಕದ ಲಿನ್ ಮಾರ್ಗುಲಿಸ್ ಎಂಬ ವಿಜ್ಞಾನಿ ಇದನ್ನು ಪುರಾವೆಗಳೊಂದಿಗೆ ಮಂಡಿಸುವ ಪ್ರಬಂಧ ಪ್ರಕಟಿಸಿದರು. ಅದಕ್ಕೂ ಮೊದಲು ಸುಮಾರು ಹದಿನೈದು ಪತ್ರಿಕೆಗಳು ಅದನ್ನು ತಿರಸ್ಕರಿಸಿದ್ದವು. ಇವತ್ತು ಹೆಚ್ಚುಕಡಿಮೆ ಯಾರೂ ಅಲ್ಲಗಳೆಯುವುದಿಲ್ಲ. ಮೈಟೊಕಾಂಡ್ರಿಯಾಕ್ಕೆ ಎರಡು ಪೊರೆ ಇವೆ, ಬ್ಯಾಕ್ಟೀರಿಯಾದಂತೆ ಉಂಗುರದ ಡಿಎನ್‌ಎ ಇದೆ, ಮನುಷ್ಯರಲ್ಲಿ ಅದರ ಉದ್ದ 16,569 ಅಕ್ಷರ, ಅದರಲ್ಲಿ 37 ಜೀನ್‌ಗಳು. ಅದಕ್ಕೆ ತನ್ನದೇ ರೈಬೋಸೋಮ್ ಕೂಡ ಇದೆ, ಆ ರೈಬೋಸೋಮ್ ಬ್ಯಾಕ್ಟೀರಿಯಾದ ವಂಶದ್ದು.

ಸ್ಟ್ರೆಪ್ಟೊಮೈಸಿನ್ ಹುಡುಕುವುದು ಬ್ಯಾಕ್ಟೀರಿಯಾದ ರೈಬೋಸೋಮನ್ನು. ಒಳಗಿವಿಯಲ್ಲಿ ಶಬ್ದವನ್ನೂ ಸಮತೋಲವನ್ನೂ ಹಿಡಿಯುವ ರೋಮಕೋಶಗಳಿವೆ, ಔಷಧಿ ಅವುಗಳೊಳಗೆ ಹೊಕ್ಕು ಹಾಗೇ ಉಳಿದುಬಿಡುತ್ತದೆ. ಅಲ್ಲಿ ಮೈಟೊಕಾಂಡ್ರಿಯಾದ ಹಳೆಯ ವಂಶದ ರೈಬೋಸೋಮ್ ಅದರ ಕೈಗೆ ಸಿಗುತ್ತದೆ. ಕಿವಿ ಹಾಳಾಗಲು ಇರುವ ಕಾರಣಗಳಲ್ಲಿ ಇದು ಒಂದು. ಕೆಲವು ಕುಟುಂಬಗಳಲ್ಲಿ ತಾಯಿಯಿಂದ ಮಕ್ಕಳಿಗೆ ಬರುವ ಮೈಟೊಕಾಂಡ್ರಿಯಾ ಡಿಎನ್‌ಎಯ 1555ನೇ ಅಕ್ಷರ ಬದಲಾಗಿರುತ್ತದೆ, ಆಗ ಆ ರೈಬೋಸೋಮ್ ಇನ್ನಷ್ಟು ಬ್ಯಾಕ್ಟೀರಿಯಾದಂತೆ ಆಗಿ, ನಾಲ್ಕೇ ಸೂಜಿಗೂ ಕಿವುಡಾಗಬಹುದು. 1993ರಲ್ಲಿ ಇದು ಪತ್ತೆಯಾಯಿತು. ಆ ಬದಲಾವಣೆ ಇಲ್ಲದವರಿಗೂ ತಿಂಗಳುಗಟ್ಟಲೆ ಸೂಜಿ ಕೊಟ್ಟರೆ ಅಪಾಯ ಇದ್ದದ್ದೇ. ಒಳಗಿವಿಯ ಆ ಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ತರಬೇತಿ ಮುಗಿಸಿ ಊರಿಗೆ ಹೋದ ದಿನ ಅವ್ವನಿಗೆ ಇದನ್ನೆಲ್ಲ ಹೇಳಿದೆ. ಅವಳಿಗೆ ಓದು ಬರುತ್ತಿರಲಿಲ್ಲ. ಬೂದಿಯ ಮೇಲೆ ಬೆರಳಿನಿಂದ ಗೀರಿ ತೋರಿಸಿದೆ: ಇದು ರೋಗದ ಹುಳ, ಇದು ಅಪ್ಪನ ಕಿವಿಯ ಕೋಶ, ಇದರೊಳಗಿನ ಈ ಚುಕ್ಕಿ ಆ ಹುಳದ ದೂರದ ಸಂಬಂಧಿ, ಸೂಜಿಗೆ ಇಬ್ಬರ ಗುರುತು ಬೇರೆ ಬೇರೆ ಸಿಗಲಿಲ್ಲ. ಬಹಳ ಹೊತ್ತು ಒಲೆ ನೋಡುತ್ತ ಕೂತಳು. "ಹಂಗಾದ್ರ ಅಂವ ಸರಿಯಾಗೇ ಚುಚ್ಚಿದ್ದ" ಎಂದಳು. ಆ ವರ್ಷ ನಾಗರ ಪಂಚಮಿಗೆ ಎಳ್ಳುಂಡಿ, ಶೇಂಗಾ ಉಂಡಿ ಒಂದು ಡಬ್ಬಿ ತುಂಬಿ ನನ್ನ ಕೈಯಲ್ಲಿ ಎದುರುಮನೆಗೆ ಕಳಿಸಿದಳು. ಕಂಪೌಂಡರ್ ಮಾಮಾ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲೇ ನಿಂತುಬಿಟ್ಟರು.

ಈಗ ಕ್ಷಯದ ಸಾಮಾನ್ಯ ಚಿಕಿತ್ಸೆಯಲ್ಲಿ ಆ ಸೂಜಿ ಇಲ್ಲ, ಬಾಯಿಯಿಂದ ನುಂಗುವ ಮಾತ್ರೆಗಳು, ಆರು ತಿಂಗಳು. ಅದರಲ್ಲಿ ಮೂತ್ರವನ್ನು ಕಿತ್ತಳೆ ಬಣ್ಣ ಮಾಡುವ ರಿಫಾಂಪಿಸಿನ್ ಎಂಬ ಔಷಧಿ, ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯ ಆರ್‌ಎನ್‌ಎ ನಕಲು ತೆಗೆಯುವುದನ್ನೇ ನಿಲ್ಲಿಸುತ್ತದೆ, ಐಸೋನಿಯಜಿಡ್ ಅದರ ಮೇಣದಂಥ ಗೋಡೆ ಕಟ್ಟಲು ಬಿಡುವುದಿಲ್ಲ. ಕ್ಷಯದ ರೋಗಾಣು ಎರಡಾಗಲು ಸುಮಾರು 20 ಗಂಟೆ ಬೇಕು, ಕೆಲವು ಎಷ್ಟೋ ದಿನ ಸುಮ್ಮನೆ ಮಲಗಿಬಿಡುತ್ತವೆ. ಕೆಲಸ ಮಾಡದೆ ಮಲಗಿದ್ದರ ಮೇಲೆ ಮಾತ್ರೆಯ ಪ್ರಭಾವ ಕಡಿಮೆ. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟವರ ಕಫ ವರ್ಷದೊಳಗೆ ಮತ್ತೆ ನನ್ನ ಮೇಜಿಗೆ ಬರುತ್ತಿತ್ತು. ಕಾರ್ಬಾಲ್ ಫುಕ್ಸಿನ್ ಹಾಕಿ, ಕೆಳಗಿಂದ ಹಬೆ ಏಳುವವರೆಗೆ ಕಾಯಿಸಿ, ಆಮ್ಲದಲ್ಲಿ ತೊಳೆದು, ನೀಲಿ ಹಾಕಿ ನೋಡಿದರೆ ನೀಲಿ ಬಯಲಿನಲ್ಲಿ ಕೆಂಪು ಕಡ್ಡಿಗಳು. ಆ ಕಡ್ಡಿಗಳನ್ನು ಎಣಿಸುವಾಗ ಹಲವು ಸಲ ನನಗೆ ಅನಿಸಿದ್ದಿದೆ, ಈ ಮನುಷ್ಯ ಒಂಬತ್ತನೇ ತರಗತಿಯಲ್ಲಿ ಇದನ್ನು ಒಂದೇ ಒಂದು ಸಲ ಕಣ್ಣಾರೆ ಕಂಡಿದ್ದರೆ ಮಾತ್ರೆ ಬಿಡುತ್ತಿರಲಿಲ್ಲವೇನೋ ಎಂದು.

ಪಠ್ಯದ ಕೋಷ್ಟಕದಲ್ಲಿ ತಿದ್ದಬೇಕಾದದ್ದೂ ಇದೆ. ಎಡಗಡೆಯದು ಬರಿಗಣ್ಣಿಗೆ ಕಾಣದಷ್ಟು ಚಿಕ್ಕದು ಎಂಬುದು ಯಾವಾಗಲೂ ನಿಜವಲ್ಲ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದ ಕಾಂಡ್ಲಾ ಕಾಡಿನ ಕೊಳೆತ ಎಲೆಗಳ ಮೇಲೆ ಸಿಕ್ಕ ಥಿಯೋಮಾರ್ಗರಿಟಾ ಮ್ಯಾಗ್ನಿಫಿಕಾ ಎಂಬ ಬ್ಯಾಕ್ಟೀರಿಯಾವನ್ನು 2022ರಲ್ಲಿ ವಿಜ್ಞಾನಿಗಳು ವಿವರಿಸಿದರು. ಒಂದೇ ಕೋಶ, ಹತ್ತಿರ ಹತ್ತಿರ 1 ಸೆಂಟಿಮೀಟರ್ ಉದ್ದ, ಬಿಳಿ ದಾರದ ತುಂಡಿನ ಹಾಗೆ. ಜೊತೆಗೆ 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ತೋರಿಸಿಕೊಟ್ಟ ಆರ್ಕಿಯಾ ಎಂಬ ಸೂಕ್ಷ್ಮಜೀವಿಗಳು ಈ ಎರಡು ಕಾಲಮ್ಮಿನಲ್ಲಿ ಸರಿಯಾಗಿ ಕೂರುವುದಿಲ್ಲ. ಅವುಗಳಿಗೂ ಕೋಶಕೇಂದ್ರ ಇಲ್ಲ, ಆದರೆ ಡಿಎನ್‌ಎ ಓದುವ ಯಂತ್ರ ಬ್ಯಾಕ್ಟೀರಿಯಾಕ್ಕಿಂತ ನಮ್ಮದಕ್ಕೇ ಹತ್ತಿರ. ಮಕ್ಕಳಿಗೆ ಇಷ್ಟು ಹೇಳಿದರೆ ಕಷ್ಟವಾಗುತ್ತದೆ ಎನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೆಂಪು ಕಣದ ಪ್ರಶ್ನೆ ಕೇಳುವ ಮಗು ಇದನ್ನೂ ಅರಗಿಸಿಕೊಳ್ಳುತ್ತದೆ.

ಶಿಕ್ಷಣ ಇಲಾಖೆಯವರಲ್ಲಿ, ಆರೋಗ್ಯ ಇಲಾಖೆಯವರಲ್ಲಿ ನನ್ನ ಕೋರಿಕೆ ದೊಡ್ಡದಲ್ಲ. ನಾನು ನೋಡಿದ ಬಹಳಷ್ಟು ಪ್ರೌಢಶಾಲೆಗಳಲ್ಲಿ ಸೂಕ್ಷ್ಮದರ್ಶಕ ಇದೆ, ಕಪಾಟಿನಲ್ಲಿ ಕೀಲಿ ಹಾಕಿ ಇಟ್ಟಿದ್ದಾರೆ, ಒಡೆದರೆ ಯಾರು ಹೊಣೆ ಎಂಬ ಭಯ. ಮಳೆಗಾಲದ ತೇವಕ್ಕೆ ಲೆನ್ಸಿನ ಮೇಲೆ ಬೂಸು ಹಿಡಿದು ಅದು ಕುರುಡಾಗುತ್ತದೆ. ಒಡೆಯುವುದಕ್ಕಿಂತ ಹೆಚ್ಚು ಹಾಳಾಗುವುದು ಹೀಗೆ. ಕೀಲಿ ತೆಗೆಯಿರಿ. ಈರುಳ್ಳಿ ಪೊರೆ ತೋರಿಸಿ, ಕೆರೆಯ ಜಲಸಸ್ಯದ ಎಲೆಯೊಳಗೆ ಹಸಿರು ಕ್ಲೋರೋಪ್ಲಾಸ್ಟ್‌ಗಳು ತಿರುಗಾಡುವುದನ್ನು ತೋರಿಸಿ. ಅವೂ ಮೈಟೊಕಾಂಡ್ರಿಯಾದ ಹಾಗೆಯೇ ಒಂದು ಕಾಲದ ಬ್ಯಾಕ್ಟೀರಿಯಾಗಳೇ. ಶೇಂಗಾ ಬೇರಿನ ಗಂಟನ್ನು ಹಿಚುಕಿ ಸ್ಲೈಡ್ ಮಾಡಿದರೆ ಗಾಳಿಯ ಸಾರಜನಕವನ್ನು ಬೆಳೆಗೆ ಕೊಡುವ ರೈಜೋಬಿಯಂ ಬಳಗದ ಬ್ಯಾಕ್ಟೀರಿಯಾ ಕಾಣುತ್ತದೆ, ರೈತರ ಮಕ್ಕಳಿಗೆ ಅದರಷ್ಟು ಹತ್ತಿರದ್ದು ಇನ್ನಾವುದಿದೆ? ತಾಲ್ಲೂಕು ಆಸ್ಪತ್ರೆಯ ಲ್ಯಾಬಿನಲ್ಲಿ ವರ್ಷಕ್ಕೊಂದು ದಿನ, ಬಣ್ಣ ಹಾಕಿ ಕಾಯಿಸಿ ಅಪಾಯವಿಲ್ಲದಂತೆ ಮಾಡಿದ ಸ್ಲೈಡುಗಳನ್ನು ಒಂಬತ್ತನೇ ತರಗತಿಯವರಿಗೆ ತೋರಿಸಲಿ. ನನ್ನಂಥ ನಿವೃತ್ತರು ಪ್ರತಿ ತಾಲ್ಲೂಕಿನಲ್ಲಿ ಇದ್ದೇವೆ, ಸಂಬಳ ಬೇಡ, ಕರೆದರೆ ಬರುತ್ತೇವೆ. ಪ್ರಶ್ನೆಪತ್ರಿಕೆ ಮಾಡುವವರು 'ವ್ಯತ್ಯಾಸ ಬರೆಯಿರಿ' ಎಂಬುದರ ಜೊತೆ 'ಪೆನಿಸಿಲಿನ್ ನಮ್ಮ ಕೋಶವನ್ನು ಯಾಕೆ ಕೊಲ್ಲುವುದಿಲ್ಲ' ಎಂದೂ ಕೇಳಲಿ.

ನಿವೃತ್ತಿಯ ಹಣದಲ್ಲಿ ನಾನು ಒಂದು ಸೂಕ್ಷ್ಮದರ್ಶಕ ಕೊಂಡು ಪಡಸಾಲೆಯಲ್ಲಿ ಇಟ್ಟಿದ್ದೇನೆ. ಹೋದ ಭಾನುವಾರ ಮೊಮ್ಮಗಳು ತಾನೇ ಒಂದು ಹನಿ ಮೊಸರನ್ನು ನೀರಿನಲ್ಲಿ ಕಲಸಿ, ಸವರಿ, ಒಣಗಿಸಿ, ನೀಲಿ ಬಣ್ಣ ಹಾಕಿದಳು. ಎಣ್ಣೆ ಲೆನ್ಸಿನಲ್ಲಿ ಉದ್ದುದ್ದ ಕಡ್ಡಿಗಳು, ಮಣಿಸರದ ಹಾಗೆ ಸಾಲುಗಟ್ಟಿದ ಗುಂಡುಗಳು. "ಇಷ್ಟೂ ದಿನಾ ಇವನ್ನ ಉಂಡೇನಿ" ಎಂದು ನಕ್ಕು, ಸ್ಲೈಡನ್ನು ಬೆಂಕಿಪೊಟ್ಟಣದಲ್ಲಿ ಹತ್ತಿ ಹಾಸಿ ಇಟ್ಟುಕೊಂಡು ಸೋಮವಾರ ಶಾಲೆಗೆ ಒಯ್ದಳು. ವಿಜ್ಞಾನದ ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿ, ಕಪಾಟಿನ ಕೀಲಿ ಮುಖ್ಯೋಪಾಧ್ಯಾಯರ ಹತ್ತಿರ ಕೇಳುತ್ತೇನೆ ಎಂದಿದ್ದಾರಂತೆ. ಕೀಲಿ ಸಿಕ್ಕರೆ ಬೂಸು ಒರೆಸಲು ಲೆನ್ಸ್ ಕಾಗದವನ್ನೂ ಒಂದು ಸೀಸೆ ಎಣ್ಣೆಯನ್ನೂ ನಾನು ಚೀಲದಲ್ಲಿ ತೆಗೆದಿಟ್ಟಿದ್ದೇನೆ.

ಇಂತಿ,
ನಿವೃತ್ತ ಲ್ಯಾಬ್ ಟೆಕ್ನಿಷಿಯನ್,
ಹಾವೇರಿ ಜಿಲ್ಲೆ